ಸ್ವತ್ತಿನ ಪಟ್ಟಿಯಲ್ಲಿ ಸಿಕ್ಕ ಸಂಸಾರ

1827ರ ಜನವರಿ. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಮಾಂಟಿಸೆಲೊ ಎಸ್ಟೇಟಿನಲ್ಲಿ ಹರಾಜು. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ ಹಿಂದಿನ ವರ್ಷ ಲಕ್ಷ ಡಾಲರಿಗೂ ಮೀರಿದ ಸಾಲವನ್ನು ಬಿಟ್ಟು ತೀರಿಕೊಂಡಿದ್ದನು. ದನಕರು, ದವಸಧಾನ್ಯ, ಪೀಠೋಪಕರಣಗಳೊಡನೆ 130 ಮಂದಿ ಗುಲಾಮರೂ ಮಾರಾಟಕ್ಕಿರುವರೆಂದು ಪ್ರಕಟಣೆ ಹೊರಟಿತ್ತು.

ಆ ಗುಂಪಿನಲ್ಲಿ ಈಡಿತ್ ಎಂಬ ಹೆಂಗಸಿದ್ದಳು. ಜೆಫರ್ಸನ್ ಅಧ್ಯಕ್ಷನಾಗಿದ್ದಾಗ ವಾಷಿಂಗ್ಟನ್ನಿನಲ್ಲಿ ಫ್ರೆಂಚ್ ಅಡುಗೆ ಕಲಿತು, ಬಳಿಕ ಮಾಂಟಿಸೆಲೊದಲ್ಲಿ ಅತಿಥಿಗಳಿಗೆ ಔತಣ ಸಿದ್ಧಪಡಿಸಿದವಳು. ಗಂಡ ಜೋಸೆಫ್ ಫಾಸೆಟ್ ಕಮ್ಮಾರ. ಜೆಫರ್ಸನ್ನನ ಉಯಿಲು ಐವರು ಗುಲಾಮರಿಗೆ ಬಿಡುಗಡೆಯಿತ್ತಿತ್ತು. ಅವರಲ್ಲಿ ಜೋಸೆಫನೂ ಒಬ್ಬ. ಕುಲುಮೆಯ ಸಾಮಾನೂ ಅವನಿಗೇ ದಕ್ಕಿತು. ಆದರೆ ಹೆಂಡತಿ ಮಕ್ಕಳ ಮಾತು ಆ ಉಯಿಲಿನಲ್ಲಿರಲಿಲ್ಲ. ಹರಾಜಿನಲ್ಲಿ ಅವರು ಬೇರೆ ಬೇರೆಯವರ ಪಾಲಾದರು.

ಇಂಥ ಸಂಸಾರಗಳ ಕಥೆ ಇಂದು ತಿಳಿಯುವುದು ಹೇಗೆ? ಗುಲಾಮರು ಸ್ವತ್ತಾಗಿದ್ದರೆಂಬ ಕ್ರೂರ ಸಂಗತಿಯೇ ಇಲ್ಲಿ ನೆರವಿಗೆ ಬರುತ್ತದೆ. ಜನರನ್ನು ಎಣಿಸಬೇಕಾದ ಜನಗಣತಿ ಅವರನ್ನು ಮರೆಯಿತು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರುಂಟು. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣವಷ್ಟೆ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ, 1870ರ ಗಣತಿಯಲ್ಲಿ ಮೊದಲ ಬಾರಿಗೆ ಅವರೆಲ್ಲರ ಹೆಸರು ಬರೆಯಲಾಯಿತು. ವಂಶವೃಕ್ಷವನ್ನು ಹುಡುಕುವವರು ಅಲ್ಲಿಯವರೆಗೆ ಸಲೀಸಾಗಿ ಹಿಂದೆ ಸರಿದು, ಅಲ್ಲಿಗೆ ಬಂದೊಡನೆ ಗೋಡೆಗೆ ಎದುರಾದಂತೆ ನಿಲ್ಲುತ್ತಾರೆ.

ಆ ಗೋಡೆಗೆ ಕಿಂಡಿ ಕೊರೆಯುವುದು ಕೌಂಟಿಯ ಕೋರ್ಟು ಕಚೇರಿ. ಯಜಮಾನ ಸತ್ತರೆ ಆಸ್ತಿಯ ಪಟ್ಟಿಯಾಗಬೇಕು. ಸಾಲ ಮಾಡಿದರೆ ಅಡಮಾನ ಪತ್ರವಾಗಬೇಕು. ದಾಯಾದಿಗಳು ಜಗಳವಾಡಿದರೆ ವ್ಯಾಜ್ಯವಾಗಬೇಕು. ಅಲ್ಲೆಲ್ಲ ಸ್ವತ್ತನ್ನು ಗುರುತಿಸಲು ಹೆಸರು ಬೇಕಷ್ಟೆ! ಒಬ್ಬಳ ಹೆಸರು, ಅವಳ ಕೂಸಿನ ಹೆಸರು, ಎದುರಿಗೆ ಬೆಲೆ. ಮಗುವಿನ ಸ್ಥಿತಿ ತಾಯಿಯದನ್ನೇ ಅನುಸರಿಸಬೇಕೆಂದು 1662ರಲ್ಲೇ ವರ್ಜೀನಿಯಾ ಕಾನೂನು ಮಾಡಿದ್ದುದರಿಂದ, ತಾಯಿ ಮಕ್ಕಳ ಸಂಬಂಧ ದಾಖಲೆಗಳಲ್ಲಿ ಸಿಕ್ಕುವುದುಂಟು. ತಂದೆಯ ಹೆಸರು ಅಪರೂಪ. ಯಜಮಾನನ ಮನೆತನದ ಹೆಸರನ್ನೇ ನೆಚ್ಚುವಂತೆಯೂ ಇಲ್ಲ. ಬಿಡುಗಡೆಯಾದವರಲ್ಲಿ ಅನೇಕರು ಬೇರೆ ಹೆಸರನ್ನೇ ಇಟ್ಟುಕೊಂಡಿದ್ದರು.

ಫಾಸೆಟ್ ಸಂಸಾರಕ್ಕೆ ಮರಳೋಣ. ಈಡಿತಳನ್ನೂ ಇಬ್ಬರು ಕಿರಿಯ ಮಕ್ಕಳನ್ನೂ ಬಂಧುವೊಬ್ಬನು 505 ಡಾಲರಿಗೆ ಕೊಂಡನು. ಜೋಸೆಫ್ ಹತ್ತು ವರ್ಷ ಸುತ್ತಿಗೆ ಬಡಿದನು. 1837ರ ಸೆಪ್ಟೆಂಬರಿನಲ್ಲಿ ಹೆಂಡತಿಯನ್ನೂ, ಐವರು ಮಕ್ಕಳನ್ನೂ, ನಾಲ್ವರು ಮೊಮ್ಮಕ್ಕಳನ್ನೂ ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟನು. ಕಾನೂನಿನ ಕಣ್ಣಿಗೆ ಅವನು ಅಂದಿನವರೆಗೆ ತನ್ನ ಹೆಂಡತಿ ಮಕ್ಕಳ ಯಜಮಾನ! ಸಂಸಾರವನ್ನು ಹಂಚಿದ್ದು ಕಾಗದ. ಕೂಡಿಸಲೂ ಅಂಥದೇ ಇನ್ನೊಂದು ಕಾಗದ ಬೇಕಾಯಿತು.

ಮಗ ಪೀಟರ್ ಮಾತ್ರ ಆ ಪತ್ರದಲ್ಲಿಲ್ಲ. ಹರಾಜಿನ ದಿನ ಅವನಿಗೆ ಹನ್ನೊಂದು ವರ್ಷ. ಕೊಂಡ ಯಜಮಾನ ಅವನನ್ನು ತಂದೆಗೆ ಮಾರಲೊಪ್ಪಲಿಲ್ಲ. ತಂದೆತಾಯಿ ಓಹಾಯೊ ಸಂಸ್ಥಾನದ ಸಿನ್ಸಿನಾಟಿಗೆ ಹೊರಟುಹೋದರು. 1850ರ ಸುಮಾರಿಗೆ ಅವನೂ ಬಿಡುಗಡೆ ಪಡೆದು ಅವರನ್ನು ಸೇರಿದನು. ಮುಂದೆ ಅದೇ ಊರಿನಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾದನು. 1898ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅವನ ಬಾಲ್ಯದ ನೆನಪುಗಳು ಅಚ್ಚಾದವು. ಅದಾದ ಎರಡು ವರ್ಷಕ್ಕೆ, ಎಂಬತ್ತು ದಾಟಿದ ಆ ಮುದುಕ ಮತ್ತೊಮ್ಮೆ ಮಾಂಟಿಸೆಲೊಗೆ ಹೋಗಿ ತಾನು ಹುಟ್ಟಿದ ನೆಲವನ್ನು ನೋಡಿ ಬಂದನು.