ನಿಂಬೆರಸಕ್ಕೆ ಸೋತ ನೇರಳೆ

ಮುಂಬಯಿ ಲಾಲ್‌ಬಾಗಿನ ಮಸಾಲೆ ಗಲ್ಲಿಯಲ್ಲಿ ‘ದಗಡ್‌ಫೂಲ್’ ಅಂದರೆ ಬೂದುಬಣ್ಣದ ಒಣ ಚೂರುಗಳನ್ನು ತೂಗಿಕೊಡುತ್ತಾರೆ. ಅದು ನಮ್ಮ ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಇದರ ದೂರದ ನೆಂಟ ರೊಸೆಲ್ಲಾ, ಕರಾವಳಿಯ ಬಂಡೆಗೂ ತೊಗಟೆಗೂ ಅಂಟಿ ಬೆಳೆಯುವಂಥದ್ದು. ಇದೇ ಮುಂಬಯಿಯಲ್ಲಿ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಸಿಂಪಿಗಳನ್ನು ಕೊರೆದು ತಿನ್ನುವ ಥಾಯಿಸ್ ಎಂಬ ಕಡಲ ಬಸವನಹುಳು ಕಾಣುತ್ತದೆ. ಅದು ಮೆಡಿಟರೇನಿಯನ್ನಿನ ಮ್ಯೂರೆಕ್ಸ್‌ನ ಕುಟುಂಬದ್ದು. ರೊಸೆಲ್ಲಾ, ಮ್ಯೂರೆಕ್ಸ್ ಎರಡಕ್ಕೂ ರಕ್ತಸಂಬಂಧವಿಲ್ಲ, ಆದರೂ ಶತಮಾನಗಳ ಕಾಲ ಒಂದೇ ಬಣ್ಣಕ್ಕೆ ಪೈಪೋಟಿ ನಡೆಸಿದವು.

ಮ್ಯೂರೆಕ್ಸ್‌ನ ಗ್ರಂಥಿಯ ರಸಕ್ಕೆ ಮೊದಲು ಬಣ್ಣವೇ ಇರುವುದಿಲ್ಲ. ಗಾಳಿ, ಬಿಸಿಲು ತಗುಲಿದ ಮೇಲೆ ಹಳದಿ, ಹಸಿರಾಗಿ ಕೊನೆಗೆ ನೇರಳೆಗೆ ತಿರುಗುತ್ತದೆ. 1909ರಲ್ಲಿ ಪಾಲ್ ಫ್ರೀಡ್‌ಲ್ಯಾಂಡರ್ 12,000 ಹುಳುಗಳಿಂದ ತೆಗೆದದ್ದು ಬರೀ 1.4 ಗ್ರಾಂ. ಅದು ಬ್ರೋಮಿನ್ ಸೇರಿದ ಇಂಡಿಗೊ, ಅಂದರೆ ನಮ್ಮ ನೀಲಿಯ ತಮ್ಮ ಎಂದು ಅವನು ತೋರಿಸಿದ. ರೋಮಿನ ಚಕ್ರವರ್ತಿಗಳು ಅದನ್ನು ತಮಗೇ ಮೀಸಲಿಟ್ಟುಕೊಂಡಿದ್ದರಲ್ಲಿ ಆಶ್ಚರ್ಯವೇನು!

ರೊಸೆಲ್ಲಾ ಬಡವರ ದಾರಿ. ಪುಡಿ ಮಾಡಿ ಹಳಸಿದ ಮೂತ್ರದಲ್ಲಿ ವಾರಗಟ್ಟಲೆ ಕೊಳೆಹಾಕಿದರೆ ಅಮೋನಿಯಾ, ಗಾಳಿ ಸೇರಿ ನೇರಳೆ ಬರುತ್ತದೆ. ನಾತ ಸಹಿಸಿದವನಿಗೆ ಲಾಭ. ಇಟಲಿಯ ಫ್ಲಾರೆನ್ಸಿನ ರುಚೆಲ್ಲಾಯ್ ಮನೆತನ ಇದರಿಂದಲೇ ಸಿರಿವಂತವಾಯಿತು. ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ, ನಿಂಬೆರಸ ಬಿದ್ದರೆ ಕೆಂಪಾಗುತ್ತದೆ. ಮ್ಯೂರೆಕ್ಸ್ ಬಣ್ಣ ಅಂಥದ್ದಕ್ಕೆ ಜಗ್ಗುವುದಿಲ್ಲ. ಬಣ್ಣಗಾರರು ಶಪಿಸಿದ ಈ ದೋಷವನ್ನೇ ರಸಾಯನಶಾಸ್ತ್ರಜ್ಞರು ಬಾಚಿಕೊಂಡರು. ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ನೀಲಿಯಾಗುವ ಲಿಟ್ಮಸ್ ರೊಸೆಲ್ಲಾದಂಥ ಕಲ್ಲುಹೂವುಗಳದ್ದೇ ಸಾರ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆ ಮಾಡಿದ. ಅದೇ ವರ್ಷ ಮುಂಬಯಿಯ ತಾರ್‌ದೇವ್‌ನಲ್ಲಿ ಕಾವಸ್ಜಿ ದಾವರ್ ಅವರ ಮಿಲ್ಲು ನೂಲು ತೆಗೆಯತೊಡಗಿತು. ಮುಂದೆ ಮಿಲ್ಲುಗಳ ಊರಾದ ಮುಂಬಯಿಗೆ ಬೇಕಾದದ್ದು ಇಂಥ ಡಬ್ಬಿಯ ಕೃತಕ ಬಣ್ಣವೇ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ರಾಸಾಯನಿಕ ತಂತ್ರಜ್ಞಾನ ವಿಭಾಗ ತೆರೆಯಿತು. 1938ರಿಂದ ಅದರ ಚುಕ್ಕಾಣಿ ಹಿಡಿದ ಕೆ. ವೆಂಕಟರಾಮನ್ ಕೃತಕ ಬಣ್ಣಗಳ ಬಗ್ಗೆ ಬರೆದ ಸಂಪುಟಗಳು ಜಗತ್ತಿಗೇ ಆಕರವಾದವು. ಆ ಸಂಸ್ಥೆ ಇಂದಿಗೂ ಇರುವುದು ಕನ್ನಡಿಗರ ನೆಲೆಯಾದ ಮಾಟುಂಗದಲ್ಲೇ.

ಈಗ ಹುಳುವನ್ನು ಬಣ್ಣಕ್ಕಾಗಿ ಹಿಂಡುವವರು ಮೆಕ್ಸಿಕೋದ ಓಹಾಕಾ ಕರಾವಳಿಯ ಕೆಲವರಂಥ ಬೆರಳೆಣಿಕೆಯ ಮಂದಿ. ಕಲ್ಲುಹೂವಿನ ನೇರಳೆಗೂ ಬಟ್ಟೆಯಲ್ಲಿ ಜಾಗವಿಲ್ಲ. ಲಿಟ್ಮಸ್ ಪಟ್ಟಿಗೆ ಮಾತ್ರ ಎಂಟನೇ ತರಗತಿಯ ಮಕ್ಕಳು ನಿಂಬೆರಸ ತೊಟ್ಟಿಕ್ಕಿಸುತ್ತಲೇ ಇದ್ದಾರೆ.