ಹೆಸರಿಲ್ಲದ ಹತಾರಗಳು: ಹಳೆಯ ಮೋಟಾರುಗಾಡಿಗಳ ಉಪಕರಣಗಳನ್ನು ಗುರುತಿಸುವ ಬಗೆ

ಮುಂಬಯಿಯ ಚೋರ್ ಬಜಾರಿನಲ್ಲಿ, ಮಟನ್ ಸ್ಟ್ರೀಟಿನ ಆಸುಪಾಸಿನ ಓಣಿಗಳಲ್ಲಿ, ಮುಚ್ಚಿಹೋದ ಮೋಟಾರು ಕಾರ್ಯಾಗಾರಗಳ ಉಪಕರಣಗಳು ತೂಕದ ಲೆಕ್ಕದಲ್ಲಿ ಮಾರಾಟವಾಗುವುದುಂಟು. ಸುತ್ತಿಗೆ, ಅರ, ಇಕ್ಕಳಗಳನ್ನು ಯಾರಾದರೂ ಗುರುತಿಸಿ ಕೊಳ್ಳುತ್ತಾರೆ. ಯಾತಕ್ಕೆಂದು ತಿಳಿಯದ ವಸ್ತುಗಳು ಗುಜರಿಯೊಡನೆ ಕುಲುಮೆಗೆ ಹೋಗುತ್ತವೆ. ಅವುಗಳೊಡನೆ, ಯಾವ ಕೈಪಿಡಿಯಲ್ಲಿಯೂ ಬರೆದಿರದ ಒಂದು ಕೆಲಸದ ಕ್ರಮವೂ ಕರಗಿಹೋಗುತ್ತದೆ. 50 ವರ್ಷ ಮೀರಿದ ಗಾಡಿಗಳಿಗೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಕೊಡುವ ನಿಯಮಗಳನ್ನು ಕೇಂದ್ರ ಸರಕಾರವು 2021ರಲ್ಲಿ ಮಾಡಿತು. ಗಾಡಿಗೆ ಹೀಗೆ ಒಂದು ಮಾನ್ಯತೆ ದೊರೆಯಿತು. ಅದನ್ನು ಬಿಚ್ಚಿ ಜೋಡಿಸುವ ಹತಾರವು ಕೈಗೆ ಬಂದಾಗ ಅದು ಏನೆಂದು ತಿಳಿಯುವುದು ಹೇಗೆ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಾಸನವನ್ನು ಓದುವವರು ಮೊದಲು ಲಿಪಿಯನ್ನೂ ಬಳಿಕ ಕಲ್ಲಿನ ಸವೆತವನ್ನೂ ನೋಡುವಂತೆ, ಇಲ್ಲಿಯೂ ಮೊದಲು ನೋಡತಕ್ಕದ್ದು ಲೋಹದ ಮೇಲಣ ಅಕ್ಷರಗಳನ್ನು. ಬಾಣದ ಮೊನೆಯಂಥ ಮೂರು ಗೆರೆಗಳ ಗುರುತೂ ಒಂದು ಇಸವಿಯೂ ಇದ್ದರೆ ಅದು ಬ್ರಿಟಿಷ್ ಸರಕಾರದ, ಬಹುಮಟ್ಟಿಗೆ ಸೇನೆಯ, ಸೊತ್ತಾಗಿದ್ದಿತೆಂದು ತಿಳಿಯಬೇಕು. ಬುಲ್‌ಡಾಗ್ ನಾಯಿಯ ಮುದ್ರೆಯಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಕಿಂಗ್ ಡಿಕ್ ಹತಾರ. ಆದರೆ ವಾಚಕರನ್ನು ದಾರಿತಪ್ಪಿಸುವವು ಈ ಮುದ್ರೆಗಳಲ್ಲ, ಅಂಕಿಗಳು.

ಒಂದು ಸ್ಪ್ಯಾನರಿನ ಒಂದೇ ಬಾಯಿಯ ಪಕ್ಕದಲ್ಲಿ ‘1/4 ಡಬ್ಲ್ಯೂ’ ಎಂದೂ ‘5/16 ಬಿ.ಎಸ್.ಎಫ್.’ ಎಂದೂ ಎರಡು ಬರೆಹಗಳಿರುತ್ತವೆ. ಅಳೆದು ನೋಡಿದರೆ ಆ ಬಾಯಿಯ ಅಗಲ 1/4 ಅಂಗುಲವೂ ಅಲ್ಲ, 5/16 ಅಂಗುಲವೂ ಅಲ್ಲ, 0.525 ಅಂಗುಲ! ಇದು ಕಮ್ಮಾರನ ಪ್ರಮಾದವಲ್ಲ. ಜೋಸೆಫ್ ವ್ಹಿಟ್‌ವರ್ತ್ ಎಂಬ ಆಂಗ್ಲ ಎಂಜಿನಿಯರನು 1841ರಲ್ಲಿ ತಿರುಪಿನ ಸುತ್ತುಗಳಿಗೆ 55 ಡಿಗ್ರಿ ಕೋನದ ಒಂದು ಸಮಾನ ಮಾನವನ್ನು ಸೂಚಿಸಿದನು. ಆ ಸಂಪ್ರದಾಯದಲ್ಲಿ ಸ್ಪ್ಯಾನರಿನ ಮೇಲೆ ಬರೆಯುವುದು ಬೋಲ್ಟಿನ ದಂಡದ ದಪ್ಪವನ್ನೇ ಹೊರತು ತಲೆಯ ಅಗಲವನ್ನಲ್ಲ. 1908ರಲ್ಲಿ ಬಂದ ಬಿ.ಎಸ್.ಎಫ್. ಎಂಬ ಸೂಕ್ಷ್ಮ ಸುತ್ತಿನ ಮಾನದಲ್ಲಿ ತಲೆಗಳನ್ನು ಒಂದು ಮೆಟ್ಟಿಲು ಚಿಕ್ಕದಾಗಿ ಮಾಡಿದರು. ಆದುದರಿಂದ ಒಂದೇ ಬಾಯಿಗೆ ಎರಡು ಹೆಸರು. ಮೇಲಾಗಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕನ್ನು ಉಳಿಸಲೆಂದು ವ್ಹಿಟ್‌ವರ್ತ್ ತಲೆಗಳನ್ನೂ ಒಂದು ಮೆಟ್ಟಿಲು ಕುಗ್ಗಿಸಿದರು. ಹೀಗಾಗಿ ‘1/4 ಡಬ್ಲ್ಯೂ’ ಎಂದು ಮಾತ್ರ ಬರೆದಿರುವ ಹಳೆಯ ಸ್ಪ್ಯಾನರು ಯುದ್ಧಾನಂತರದ 1/4 ಅಂಗುಲದ ಬೋಲ್ಟಿಗೆ ಸಡಿಲವಾಗುತ್ತದೆ.

ತಲೆಯ ಎದುರುಬದುರು ಮುಖಗಳ ಅಗಲವನ್ನೇ ಬರೆಯುವ ‘ಎ.ಎಫ್.’ ಪದ್ಧತಿ ಇದಕ್ಕಿಂತ ಸರಳವಾದುದು. ಬ್ರಿಟನ್, ಅಮೆರಿಕ, ಕೆನಡಾ ದೇಶಗಳು 1948ರಲ್ಲಿ 60 ಡಿಗ್ರಿಯ ಏಕೀಕೃತ ಸುತ್ತನ್ನು ಒಪ್ಪಿಕೊಂಡ ತರುವಾಯ ಬ್ರಿಟಿಷ್ ಗಾಡಿಗಳಲ್ಲಿ ಇದು ಹರಡಿತು. 0.525 ಅಂಗುಲದ ಹಳೆಯ ತಲೆಗೆ 1/2 ಎ.ಎಫ್. ಸ್ಪ್ಯಾನರು ಕೂರುವುದಿಲ್ಲ, 9/16 ಎ.ಎಫ್. ಕೂರುತ್ತದೆ, ಆದರೆ ಸುಮಾರು ಒಂದು ಮಿಲಿಮೀಟರಿನಷ್ಟು ಸಡಿಲು. ಬಲ ಹಾಕಿದೊಡನೆ ತಲೆಯ ಮೂಲೆಗಳು ಉರುಟಾಗುತ್ತವೆ. ಬದಲಿ ದೊರೆಯದ ಬೋಲ್ಟು ಹಾಳಾಗುವುದು ಹೀಗೆ. ಗುರುತಿಸುವ ವಿದ್ಯೆ ಕೇವಲ ಸಂಗ್ರಾಹಕನ ವಿನೋದವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನೂ ವಿಚಿತ್ರವಾದ ಒಂದು ಪ್ರಸಂಗವುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಅದರ ಯಂತ್ರಗಳೆಲ್ಲ ಮೆಟ್ರಿಕ್ ಮಾನದವು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನು ಕೊಂಡಾಗ ಯಂತ್ರಗಳು ಹಾಗೆಯೇ ಉಳಿದವು. ಆದರೆ ಇಂಗ್ಲಿಷ್ ಮೆಕ್ಯಾನಿಕ್ಕನ ಕೈಯಲ್ಲಿದ್ದದ್ದು ವ್ಹಿಟ್‌ವರ್ತ್ ಸ್ಪ್ಯಾನರು. ಆದ್ದರಿಂದ ಬೋಲ್ಟಿನ ದಂಡಕ್ಕೆ ಫ್ರೆಂಚ್ ಸುತ್ತು, ತಲೆಗೆ ಇಂಗ್ಲಿಷ್ ಅಳತೆ! 8 ಮಿಲಿಮೀಟರ್ ದಪ್ಪ, 1 ಮಿಲಿಮೀಟರ್ ಸುತ್ತಿನ ಇಂಥ ಬೋಲ್ಟುಗಳು ಎಂ.ಜಿ. ಗಾಡಿಗಳ ಟಿ ಮಾಲಿಕೆಯ ಎಂಜಿನುಗಳಲ್ಲಿ 1950ರ ದಶಕದವರೆಗೂ ಇದ್ದವು. ಇವುಗಳಿಗೆ ಸುತ್ತು ಕೊರೆಯುವ ಟ್ಯಾಪುಗಳು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದರೆ, ವ್ಹಿಟ್‌ವರ್ತ್ ಸ್ಪ್ಯಾನರುಗಳ ನಡುವೆ ಇವೇಕೆ ಬಂದವೆಂದು ಬಿಸಾಡದೆ, ಆ ಪೆಟ್ಟಿಗೆಯ ಒಡೆಯನು ಯಾವ ಎಂಜಿನುಗಳನ್ನು ದುರಸ್ತಿ ಮಾಡುತ್ತಿದ್ದನೆಂದು ಊಹಿಸಬಹುದು.

ನಮ್ಮ ದೇಶದ ಪೆಟ್ಟಿಗೆಗಳಲ್ಲಿ ಮೂರು ಮಾನಗಳೂ ಕಲಸಿಹೋಗಿವೆ. ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ 1957-58ರಿಂದ 2014ರವರೆಗೆ ತಯಾರಾದ ಅಂಬಾಸಡರಿನ ಮೂಲ ಎಂಜಿನು ಎ.ಎಫ್. ಅಳತೆಯದು, ಮುಂದೆ ಅದೇ ಗಾಡಿಗೆ ಬಂದ ಇಸುಜು ಎಂಜಿನು ಮೆಟ್ರಿಕ್. ಮುಂಬಯಿಯ ಫಿಯೆಟ್, ಅಂದರೆ 1974ರ ಬಳಿಕ ಪದ್ಮಿನಿಯೆನಿಸಿದ ಗಾಡಿ, ಇಟಲಿಯ ಮೂಲದ್ದಾದುದರಿಂದ ಮೆಟ್ರಿಕ್. ಇದನ್ನು ತಯಾರಿಸಿದ ಉದ್ಯಮದ ಹಿಂದೆ ವಾಲ್‌ಚಂದ್ ಹೀರಾಚಂದರೊಡನೆ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಸಿದ್ಧಪಡಿಸಿದ ಯೋಜನೆಯ ನೆನಪಿರುವುದನ್ನು ಇಲ್ಲಿನ ಕನ್ನಡಿಗರು ಮರೆಯಲಾರರು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಈ ನಗರದ ಬೀದಿಗಳಿಂದ ನಿವೃತ್ತವಾದವು.

ಅಂಕಿಗಳಿಲ್ಲದ ಉಪಕರಣವನ್ನು ಆಕಾರದಿಂದಲೂ ಸವೆತದಿಂದಲೂ ತಿಳಿಯಬೇಕು. ಗೇಣುದ್ದದ ಮರದ ಕೋಲಿನ ತುದಿಗಳಲ್ಲಿ ರಬ್ಬರಿನ ಬಟ್ಟಲುಗಳಿದ್ದರೆ ಅದು ವಾಲ್ವನ್ನು ಅದರ ಪೀಠದ ಮೇಲೆ ಉಜ್ಜಿ ಕೂರಿಸುವ ಕೋಲು. ವಾಲ್ವಿನ ಮುಖಕ್ಕೆ ಬಟ್ಟಲನ್ನು ಅಂಟಿಸಿ, ಚಿಕ್ಕ ಕಡಗೋಲನ್ನು ಅಂಗೈಗಳ ನಡುವೆ ಹೊಸೆಯುವಂತೆ ಹೊಸೆಯುತ್ತಾರೆ. ಆದುದರಿಂದ ಅದರ ನಡುಭಾಗ ನುಣುಪಾಗಿ ಸವೆದಿರುತ್ತದೆ. ‘ವಿ’ ಅಕ್ಷರದಂತೆ ಬಾಯ್ದೆರೆದ, ತೆಳುತಗಡುಗಳನ್ನು ಜೋಡಿಸಿ ತಂತಿ ಸುತ್ತಿದ ಭಾರವಾದ ಗಡ್ಡೆಯೊಂದು ಸಿಕ್ಕಿದರೆ ಅದು ಡೈನಮೋವಿನ ಆರ್ಮೆಚರನ್ನು ಪರೀಕ್ಷಿಸುವ ಗ್ರೌಲರ್. ಪರ್ಯಾಯ ವಿದ್ಯುತ್ತನ್ನು ಹರಿಸಿ ಆರ್ಮೆಚರನ್ನು ಅದರ ಬಾಯಿಯಲ್ಲಿಟ್ಟು ಮೇಲೆ ಗರಗಸದ ಅಲಗೊಂದನ್ನು ಹಿಡಿದರೆ, ಸುರುಳಿ ಕೆಟ್ಟಿರುವಲ್ಲಿ ಅಲಗು ಗರಗರನೆ ನಡುಗುತ್ತದೆ. ಹೆಸರು ಬಂದದ್ದು ಆ ಗುರುಗುಟ್ಟುವಿಕೆಯಿಂದ.

ನಿಜವಾದ ಕುತೂಹಲ ಹುಟ್ಟಿಸುವವು ಮೆಕ್ಯಾನಿಕ್ಕನು ತಾನೇ ಮಾಡಿಕೊಂಡ ಹತಾರಗಳು. ಇವುಗಳಿಗೆ ಮುದ್ರೆಯಿಲ್ಲ, ಹೆಸರೂ ಇಲ್ಲದಿರಬಹುದು. ಬಟ್ಟೆ ಸುತ್ತಿದ, ತುದಿಯನ್ನು ಉಳಿಯಂತೆ ಮಸೆದ ಕಮಾನಿನಾಕಾರದ ಎರಕದ ಕಬ್ಬಿಣದ ತುಂಡು ಮುರಿದ ಪಿಸ್ಟನ್ ಉಂಗುರವೇ ಆಗಿದ್ದು, ಉಂಗುರ ಕೂರುವ ಗಾಡಿಯ ಮಸಿಯನ್ನು ಕೆರೆಯಲು ಅದಕ್ಕಿಂತ ಸರಿಯಾದ ಅಗಲದ ವಸ್ತು ಬೇರೊಂದಿಲ್ಲ. ಕತ್ತು ಸೊಟ್ಟಗಾದ ಸ್ಪ್ಯಾನರನ್ನು ಅಪಘಾತದ ಫಲವೆಂದು ಭಾವಿಸಬಾರದು. ಬಾಗಿದೆಡೆಯಲ್ಲಿ ಬೆಂಕಿಯ ಕಲೆಯಿದ್ದರೆ, ಇಕ್ಕಟ್ಟಿನ ಜಾಗದ ಯಾವುದೋ ಒಂದು ನಟ್ಟಿಗಾಗಿ ಕಾಸಿ ಬಾಗಿಸಿದ್ದಾರೆ. ಗೇರುಪೆಟ್ಟಿಗೆಯ ಹಳೆಯ ದಂಡವನ್ನು ಕತ್ತರಿಸಿ ಇಟ್ಟಿದ್ದರೆ ಅದು ಕ್ಲಚ್ಚಿನ ತಟ್ಟೆಯನ್ನು ನಡುವಿಗೆ ಸರಿಯಾಗಿ ಕೂರಿಸಲು. ಒಂದು ತುದಿಗೆ ಗಂಟು ಹಾಕಿದ, ಮಸಿ ಹಿಡಿದ ನೂಲಿನ ಹಗ್ಗವನ್ನು ಯಾರು ತಾನೆ ಉಪಕರಣವೆಂದಾರು? ಸ್ಪಾರ್ಕ್ ಪ್ಲಗ್ಗಿನ ರಂಧ್ರದೊಳಗೆ ಅದನ್ನು ತುರುಕಿ ಪಿಸ್ಟನ್ನನ್ನು ಮೇಲಕ್ಕೆ ತಂದರೆ, ಹಗ್ಗದ ಮುದ್ದೆ ವಾಲ್ವನ್ನು ಕೆಳಗಿನಿಂದ ಒತ್ತಿಹಿಡಿಯುತ್ತದೆ. ಎಂಜಿನಿನ ತಲೆಯನ್ನು ಬಿಚ್ಚದೆಯೇ ವಾಲ್ವಿನ ಸ್ಪ್ರಿಂಗನ್ನು ಬದಲಿಸಬಹುದು. ಗಂಟು ಹಗ್ಗದ ತುದಿಯು ಒಳಗೆ ಬೀಳದಂತೆ ಹೊರಗೆ ತಡೆಯಲು. ಈ ಹಗ್ಗವನ್ನು ಕಂಡಾಗಲೆಲ್ಲ ನನಗೆ ಅದನ್ನು ಮೊದಲು ಯೋಚಿಸಿದವನ ಮೇಲೆ ಅಸೂಯೆಯಾಗುತ್ತದೆ.

ಆದರೆ ಮನೆಯಲ್ಲಿ ಮಾಡಿದ ಎಲ್ಲವೂ ಆದರಕ್ಕೆ ಅರ್ಹವಲ್ಲ. ಸುತ್ತು ಕೊರೆದ ಎರಡು ಸಲಾಕೆಗಳು, ನಾಲ್ಕು ಕೊಕ್ಕೆಗಳು: ಇದು ಮುಂಗಾಲಿಯ ಸುರುಳಿ ಸ್ಪ್ರಿಂಗನ್ನು ಅದುಮುವ ಸಾಧನ. ಅದುಮಿದ ಸ್ಪ್ರಿಂಗು ಕೊಕ್ಕೆಯಿಂದ ಜಾರಿದರೆ ಪ್ರಾಣಾಪಾಯ. ಬೆಸುಗೆಯ ಗುಣ ಗೊತ್ತಿಲ್ಲದ ಇಂಥ ಸಾಧನವನ್ನು ಗುರುತಿಸಿ ಕಪಾಟಿನಲ್ಲಿಡಬೇಕೇ ಹೊರತು ಬಳಸತಕ್ಕದ್ದಲ್ಲ. ಹಾಗೆಯೇ ಹಳೆಯ ಬ್ರೇಕಿನ ಪೆಟ್ಟಿಗೆಗಳ ಧೂಳಿನಲ್ಲಿ ಕಲ್ನಾರು ಇರುವುದುಂಟು. ಊದಬಾರದು, ಒದ್ದೆಬಟ್ಟೆಯಿಂದ ಒರೆಸಬೇಕು.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಮುಂಬಯಿಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಸ್ಪ್ಯಾನರು ‘ಪಾನಾ’; ಅದರಲ್ಲಿ ‘ರಿಂಗ್ ಪಾನಾ’, ‘ಫಿಕ್ಸ್ ಪಾನಾ’, ‘ಗೋಟಿ ಪಾನಾ’ ಎಂಬ ಬಗೆಗಳು. ಈ ಶಬ್ದಗಳು ಇಂಗ್ಲಿಷ್ ಕೈಪಿಡಿಯಲ್ಲಿ ಸಿಗವು. ಆದುದರಿಂದ ಪೆಟ್ಟಿಗೆಯೊಂದು ಕೈಗೆ ಬಂದಾಗ ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಮುನ್ನವೇ, ಯಾವುದರ ಪಕ್ಕದಲ್ಲಿ ಯಾವುದಿತ್ತೆಂಬುದರ ಚಿತ್ರವನ್ನು ತೆಗೆದು, ಬಾಯಿಗಳ ಅಗಲವನ್ನು ಕ್ಯಾಲಿಪರಿನಿಂದ ಅಳೆದು, ಸಾಧ್ಯವಾದರೆ ಒಡೆಯನನ್ನೇ ಕೇಳಿ ಅವನು ಕರೆಯುತ್ತಿದ್ದ ಹೆಸರನ್ನು ಅವನ ಉಚ್ಚಾರದಲ್ಲಿಯೇ ಬರೆದುಕೊಳ್ಳಬೇಕು. ತೊಳೆದ ಮೇಲೆ ಹಗ್ಗದ ಮಸಿಯೂ ಸ್ಪ್ಯಾನರಿನ ಮೇಲಣ ಬೆಂಕಿಯ ಕಲೆಯೂ ಉಳಿಯುವುದಿಲ್ಲ.