ಉಪಗ್ರಹಕ್ಕೊಬ್ಬ ನೀರಗಂಟಿ

ಸಿಂಧನೂರು, ಮಸ್ಕಿ ಸೀಮೆಯ ಓದುಗರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೇಲ್ಭಾಗದವರು ತೂಬು ತೆರೆದೇ ಇಟ್ಟರೆ ಕೊನೆಭಾಗದ ಗದ್ದೆಗೆ ನೀರು ತಲುಪುವುದಿಲ್ಲ. ಎಲ್ಲರಿಗೂ ಸಮಪಾಲು ಎಂದು ನಿಗದಿ ಮಾಡಿದರೆ, ಗದ್ದೆ ಇನ್ನೂ ಹದವಾಗದವನ ಪಾಲು ಹಳ್ಳಕ್ಕೆ ಹರಿದುಹೋಗುತ್ತದೆ. ಇದೇ ಇಕ್ಕಟ್ಟು ನೆಲದಿಂದ ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದಲ್ಲಿಯೂ ಉಂಟು. ಅಲ್ಲಿ ಹಂಚಬೇಕಾದುದು ಬ್ಯಾಂಡ್‌ವಿಡ್ತ್, ಅಂದರೆ ಸಂಕೇತಗಳು ಹರಿಯಲು ದೊರೆಯುವ ಆವೃತ್ತಿಗಳ ಹರವು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿದ ಎಜುಸ್ಯಾಟ್ ನಿಮಗೆ ನೆನಪಿರಬಹುದು. 2010ರಲ್ಲಿ ಅದು ನಿವೃತ್ತವಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬರುತ್ತಿದ್ದವು. ಪಾಠವನ್ನು ಹತ್ತು ಶಾಲೆಗಳು ನೋಡಲಿ, ಎಂಟುನೂರು ನೋಡಲಿ, ಇಳಿಯುವ ಸಂಕೇತ ಒಂದೇ. ಆದರೆ ಪ್ರತಿ ಶಾಲೆಯೂ ತಿರುಗಿ ಪ್ರಶ್ನೆ ಕೇಳುವಂತಾದರೆ? ತೊಡಕು ಹುಟ್ಟುವುದೇ ಆ ಮೇಲ್ಮುಖ ದಾರಿಯಲ್ಲಿ.

ನೂರು ನೆಲೆಗಳು ಸೆಕೆಂಡಿಗೆ 2,000 ಕಿಲೋಬಿಟ್ ಸಾಮರ್ಥ್ಯದ ಒಂದು ದಾರಿಯನ್ನು ಹಂಚಿಕೊಂಡಿವೆ ಎನ್ನಿ. ಸಮಪಾಲು ಮಾಡಿದರೆ ತಲಾ 20 ಕಿಲೋಬಿಟ್. ಹತ್ತೇ ನೆಲೆಗಳಿಗೆ ಕೆಲಸವಿದ್ದಾಗ ಹತ್ತರಲ್ಲಿ ಒಂಬತ್ತು ಪಾಲು ಖಾಲಿ ಬಿದ್ದಿರುತ್ತದೆ. ಕೆಲಸವಿರುವವರಿಗೇ ಹಂಚಿದರೆ ಪ್ರತಿಯೊಂದಕ್ಕೂ 200 ಸಿಗುತ್ತದೆ. ಯಾರಿಗೆ ಬೇಕೋ ಅವರು ಬೇಕಾದಾಗ ಕಳುಹಿಸಲಿ ಎಂದು ಬಿಟ್ಟುಬಿಡುವ ಪ್ರಯೋಗವೂ ನಡೆದಿದೆ. 1971ರಲ್ಲಿ ಹವಾಯಿ ದ್ವೀಪಗಳಲ್ಲಿ ಆರಂಭವಾದ ಅಲೋಹಾ ರೇಡಿಯೋ ಜಾಲ ಅಂಥದು. ಅದರಲ್ಲಿ ಸಂಕೇತಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಡುವುದರಿಂದ, ಗಣಿತದ ಪ್ರಕಾರ ಸಾಮರ್ಥ್ಯದ ಶೇ. 18ಕ್ಕಿಂತ ಹೆಚ್ಚು ಸದ್ಬಳಕೆ ಆಗದು.

ಹಾಗಾಗಿ ಒಬ್ಬ ನೀರಗಂಟಿ ಬೇಕು. ಎಟಿಎಂ ಅಥವಾ ಪೆಟ್ರೋಲ್ ಬಂಕಿನ ಮಾಳಿಗೆಯ ಮೇಲೆ ಕಾಣುವ ವಿಸ್ಯಾಟ್ ಬಟ್ಟಲುಗಳ ಜಾಲದಲ್ಲಿ ಈ ಕೆಲಸ ಹಬ್ ಎಂಬ ಭೂಕೇಂದ್ರದ ಗಣಕದ್ದು. ಕಾಲವನ್ನು ಅದು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ನನ್ನಲ್ಲಿ ಇಷ್ಟು ದತ್ತಾಂಶ ಸರದಿಯಲ್ಲಿದೆ ಎಂದು ಪ್ರತಿ ನೆಲೆಯೂ ಕೋರಿಕೆ ಸಲ್ಲಿಸುತ್ತದೆ. ಯಾವ ಚೂರು ಯಾರಿಗೆ ಎಂಬ ಪಟ್ಟಿಯನ್ನು ಹಬ್ ಮತ್ತೆ ಮತ್ತೆ ಹೊಸದಾಗಿ ಬರೆದು ಎಲ್ಲರಿಗೂ ಸಾರುತ್ತದೆ. ಯಾರ ಕೈಯೂ ಸೋಕದೆ ಇದು ಹಗಲಿರುಳು ನಡೆಯುತ್ತದೆ.

ಆದರೆ ದೂರ ಎಂಬುದೊಂದಿದೆಯಲ್ಲ! ಬೆಳಕಿನ ವೇಗದಲ್ಲಿ ಹೋದರೂ ಕೋರಿಕೆ ಉಪಗ್ರಹಕ್ಕೆ ಏರಿ ಹಬ್‌ಗೆ ಇಳಿಯಲು ಸುಮಾರು ಕಾಲು ಸೆಕೆಂಡು, ಅಪ್ಪಣೆ ಮರಳಲು ಇನ್ನೊಂದು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಅಗತ್ಯವೇ ಬದಲಾಗಿರಬಹುದು. ಅಣೆಕಟ್ಟೆಯಲ್ಲಿ ಬಿಟ್ಟ ನೀರು ಕೊನೆಭಾಗ ತಲುಪುವ ಹೊತ್ತಿಗೆ ಮಳೆ ಬಂದಂತೆ. ಆದುದರಿಂದ ಹಬ್ ಕೋರಿಕೆಗಾಗಿ ಕಾದು ಕೂರುವುದಿಲ್ಲ. ಪ್ರತಿ ನೆಲೆಗೂ ಒಂದು ಕನಿಷ್ಠ ಪಾಲನ್ನು ಖಾಯಂ ಇಟ್ಟು, ಕೋರಿದ್ದನ್ನು ಅದರ ಮೇಲೆ ಕೊಟ್ಟು, ಉಳಿದುದನ್ನು ಕೇಳದಿದ್ದರೂ ಹಂಚಿಬಿಡುತ್ತದೆ. ಎಲ್ಲರೂ ಒಮ್ಮೆಲೇ ಕೇಳಿದರೆ ಆದ್ಯತೆಯ ನಿಯಮ ಜಾರಿಗೆ ಬರುತ್ತದೆ: ಎಟಿಎಂ ವ್ಯವಹಾರ ಮುಂದೆ, ವೀಡಿಯೋ ಹಿಂದೆ. ಆ ನಿಯಮ ಬರೆಯುವವರು ಮಾತ್ರ ಮನುಷ್ಯರೇ. ನನ್ನ ಮಟ್ಟಿಗೆ, ಕೊನೆಭಾಗದ ಶಾಲೆಯ ಗತಿ ನಿರ್ಧಾರವಾಗುವುದು ಆ ಕನಿಷ್ಠ ಪಾಲಿನ ಅಂಕಿಯಲ್ಲಿ.

ಮಳೆಯ ಕಾಟ ಬೇರೆ. ಕೆಯು ಪಟ್ಟಿಯ ಅಲೆಗಳು ಜಡಿಮಳೆಯಲ್ಲಿ ಕ್ಷೀಣಿಸುತ್ತವೆ. ಆಗ ನೆಲೆಯು ಪ್ರತಿ ಸಂಜ್ಞೆಯಲ್ಲಿ 4 ಬಿಟ್‌ಗಳ ಬದಲು 2 ಬಿಟ್‌ಗಳನ್ನಷ್ಟೇ ತುಂಬಿ ಕಳುಹಿಸುತ್ತದೆ. ಅದೇ ಸಂದೇಶಕ್ಕೆ ದುಪ್ಪಟ್ಟು ಕಾಲ ಬೇಕಾಗುವುದರಿಂದ ಹಬ್ ತನ್ನ ಪಟ್ಟಿಯನ್ನು ಮತ್ತೆ ತಿದ್ದಬೇಕು.

ವಿದ್ಯಾರ್ಥಿಗಳೇ, 2018ರ ಡಿಸೆಂಬರ್ 5ರಂದು ಉಡಾಯಿಸಲಾದ ಜಿಸ್ಯಾಟ್-11 ಉಪಗ್ರಹವು 74 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ ನಿಂತಿದೆ. ಸಿಂಧನೂರಿನಿಂದ ನೋಡಿದರೆ ಅದು ದಕ್ಷಿಣದಿಂದ ಸುಮಾರು 10 ಡಿಗ್ರಿ ಪಶ್ಚಿಮಕ್ಕೆ, ದಿಗಂತದಿಂದ 71 ಡಿಗ್ರಿ ಎತ್ತರದಲ್ಲಿರುತ್ತದೆ. ದಿಕ್ಸೂಚಿ, ಕೋನಮಾಪಕ ಹಿಡಿದು ಊರಿನ ಬಟ್ಟಲುಗಳನ್ನು ಅಳೆದು ನೋಡಿ. ಒಂದು ಎಚ್ಚರಿಕೆ: ಹಲವು ಬಟ್ಟಲುಗಳ ಗ್ರಾಹಕ ಭಾಗ ನಡುವಿನಲ್ಲಿರದೆ ಅಂಚಿನತ್ತ ಇರುವುದರಿಂದ, ಅವು ತಾವು ನೋಡುವ ದಿಕ್ಕಿಗಿಂತ ಕೆಳಕ್ಕೆ ಮುಖ ಮಾಡಿದಂತೆ ಕಾಣುತ್ತವೆ.